ಬಂಡವಾಳಕ್ಕೆ ಕಾಲಿದೆ, ಕಾರ್ಮಿಕನಿಗೆ ಮನೆಯಿದೆ
ಬ್ರಿಟನ್ನು ಐರೋಪ್ಯ ಒಕ್ಕೂಟ ಬಿಟ್ಟದ್ದೂ ಪರದೇಶೀ ಕಂಪನಿಗಳು ನಡೆದುಕೊಂಡ ರೀತಿಯೂ

(ಮಿಲ್ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಗೆ ಗೊತ್ತುಮಾಡಿದ ವಿಷಯ ದೂರದೇಶದ್ದು. ಒಂದು ದೇಶ ತಾನು ಸೇರಿದ್ದ ವ್ಯಾಪಾರದ ಒಕ್ಕೂಟವನ್ನು ಬಿಟ್ಟು ಹೊರಬಂದರೆ, ಅಲ್ಲಿ ಹಣ ಹೂಡಿದ ಪರದೇಶೀ ಕಂಪನಿಗಳ ಮೇಲೆ ಏನು ಪರಿಣಾಮವಾಗುತ್ತದೆ ಎಂಬುದು. ಬ್ರಿಟನ್ನು ಐರೋಪ್ಯ ಒಕ್ಕೂಟವನ್ನು ಬಿಟ್ಟರೆ ನಮ್ಮೂರಿನ ನೂಲುವವನಿಗೇನು, ಕಿರಾಣಿ ಅಂಗಡಿಯವನಿಗೇನು ಎಂದು ಕೇಳುವವರಿದ್ದಾರೆ. ಕಂಪನಿಗಳಿಗಾಗಿ ನಾವು ಮರುಗಬೇಕಾದ್ದಿಲ್ಲ. ಅವು ತಮ್ಮನ್ನು ತಾವು ನೋಡಿಕೊಳ್ಳುತ್ತವೆ. ಆದರೆ ಹೇಗೆ ನೋಡಿಕೊಂಡವು, ಅದರ ಖರ್ಚನ್ನು ಯಾರ ಲೆಕ್ಕಕ್ಕೆ ಬರೆದವು ಎಂಬುದು ದುಡಿದು ತಿನ್ನುವವರೆಲ್ಲ ತಿಳಿಯಬೇಕಾದ ಸಂಗತಿ.

ಒಕ್ಕೂಟವೆಂದರೇನು?

ಹಿರಿಯ ವ್ಯಾಪಾರಿಗಳಿಗೆ ಊರ ಬಾಗಿಲಿನ ಜಕಾತಿ ನಾಕೆ ನೆನಪಿರಬಹುದು. ಅದು ಹೋದ ಮೇಲೂ ರಾಜ್ಯದ ಗಡಿಯ ಚೆಕ್ ಪೋಸ್ಟುಗಳಿದ್ದವು. 2017ರ ಜುಲೈಯಲ್ಲಿ ಜಿಎಸ್‌ಟಿ ಬರುವವರೆಗೂ ಲಾರಿಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಸುಂಕ ಎಷ್ಟು ಎಂಬುದು ಒಂದು ಕಷ್ಟವಾದರೆ, ನಿಂತು ಕಾಯುವುದು, ಕಾಗದ ತೋರಿಸುವುದು, ಒಂದು ರುಜು ಇಲ್ಲವೆಂದು ಹಿಂದಕ್ಕೆ ಹೋಗುವುದು ಇನ್ನೊಂದು ಕಷ್ಟ. ಈ ಎರಡನೆಯ ಕಷ್ಟವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ದೇಶದೇಶಗಳ ನಡುವಿನ ಇಂಥ ನಾಕೆಗಳನ್ನು ಕಿತ್ತುಹಾಕಿ, ಹೊರಗಿನಿಂದ ಬರುವ ಸರಕಿಗೆ ಮಾತ್ರ ಎಲ್ಲರೂ ಕೂಡಿ ಒಂದೇ ದರದಲ್ಲಿ ಸುಂಕ ಹಾಕುವ ಏರ್ಪಾಡೇ ಸುಂಕದ ಒಕ್ಕೂಟ. ಬ್ರಿಟನ್ನು 1973ರ ಜನವರಿ 1ರಂದು ಅದನ್ನು ಸೇರಿತು. 1975ರಲ್ಲಿ ಜನಮತ ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ ಒಳಗಿರೋಣ ಎಂದರು. ಇದು ಬಂಡವಾಳಗಾರರ ಪೇಟೆ, ನಮ್ಮ ಪಾರ್ಲಿಮೆಂಟಿನ ಕೈ ಕಟ್ಟುತ್ತದೆ ಎಂದು ಆಗ ವಿರೋಧಿಸಿದವರಲ್ಲಿ ಲೇಬರ್ ಪಕ್ಷದ ಎಡಪಂಥೀಯ ನಾಯಕ ಟೋನಿ ಬೆನ್ ಮುಖ್ಯರು. ಒಕ್ಕೂಟವನ್ನು ವಿರೋಧಿಸಿದವರೆಲ್ಲ ಪ್ರತಿಗಾಮಿಗಳು, ಬೆಂಬಲಿಸಿದವರೆಲ್ಲ ಜನಪರರು ಎಂದು ಎಣಿಸಬಾರದು.

ಬಾಗಿಲಲ್ಲಿ ಕಟ್ಟಿದ ಕಾರ್ಖಾನೆ

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಸಂಡರ್‌ಲ್ಯಾಂಡ್ ಎಂಬ ಊರಿದೆ. ಹಡಗು ಕಟ್ಟುವ ಊರು, ಕಲ್ಲಿದ್ದಲಿನ ಊರು. ಅಲ್ಲಿಯ ಕೊನೆಯ ಹಡಗು ಕಟ್ಟೆಗಳು 1988ರಲ್ಲಿ ಮುಚ್ಚಿದವು. ಕೊನೆಯ ಗಣಿ 1993ರಲ್ಲಿ ಮುಚ್ಚಿತು. ಕಸುಬು ಹೋಗುತ್ತಿದ್ದ ಆ ಊರಿಗೆ ಮಾರ್ಗರೆಟ್ ಥ್ಯಾಚರರ ಸರ್ಕಾರ ಜಪಾನಿನ ನಿಸ್ಸಾನ್ ಕಂಪನಿಯನ್ನು ಕರೆತಂದಿತು. 1984ರಲ್ಲಿ ಒಪ್ಪಂದವಾಗಿ, 1986ರಲ್ಲಿ ಕಾರ್ಖಾನೆ ಉದ್ಘಾಟನೆಯಾಯಿತು. ಕಾರ್ಖಾನೆಯಲ್ಲಿ ಒಂದೇ ಕಾರ್ಮಿಕ ಸಂಘವಿರಬೇಕೆಂಬುದನ್ನೂ ಕಂಪನಿ ಮೊದಲೇ ಬರೆಸಿಕೊಂಡಿತು. ಹೋಂಡಾ ಸ್ವಿಂಡನ್ ಊರಿಗೆ ಬಂತು, ಟೊಯೋಟಾ ಡರ್ಬಿಯ ಹತ್ತಿರಕ್ಕೆ ಬಂತು.

ಇವು ಬಂದದ್ದು ಇಂಗ್ಲಿಷರ ಮೇಲಿನ ಪ್ರೀತಿಯಿಂದಲ್ಲ. ಜಪಾನಿನಲ್ಲಿ ಮಾಡಿದ ಕಾರನ್ನು ಯೂರೋಪಿನಲ್ಲಿ ಮಾರಬೇಕಾದರೆ 100ಕ್ಕೆ 10ರಂತೆ ಸುಂಕ ತೆರಬೇಕಿತ್ತು. ಬ್ರಿಟನ್ನಿನಲ್ಲಿ ಮಾಡಿದರೆ ಆ ಸುಂಕವಿಲ್ಲ. ಬ್ರಿಟನ್ನು ಅವರಿಗೆ ಮನೆಯಾಗಿರಲಿಲ್ಲ, ಯೂರೋಪಿನ ಬಾಗಿಲಾಗಿತ್ತು. 2016ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಜಪಾನೀ ಕಂಪನಿಗಳು ಅಲ್ಲಿದ್ದು, ಸುಮಾರು 1 ಲಕ್ಷ 40 ಸಾವಿರ ಜನ ಅವುಗಳಲ್ಲಿ ದುಡಿಯುತ್ತಿದ್ದರು.

ಬಾಗಿಲು ತೆರೆದಿದ್ದರೆ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಆಕ್ಸ್‌ಫರ್ಡಿನ ಮಿನಿ ಕಾರಿನ ಕಾರ್ಖಾನೆ ಜರ್ಮನಿಯ ಬಿಎಂಡಬ್ಲ್ಯು ಕಂಪನಿಯದು. 2017ರಲ್ಲಿ ಪತ್ರಿಕೆಗಳು ಅದರ ಇಂಜಿನ್ನಿನ ಒಂದು ದಂಡದ ಪ್ರಯಾಣವನ್ನು ಬರೆದವು. ಫ್ರಾನ್ಸಿನಲ್ಲಿ ಎರಕ, ಇಂಗ್ಲೆಂಡಿನಲ್ಲಿ ಕಡೆತ, ಜರ್ಮನಿಯ ಮ್ಯೂನಿಕ್ಕಿನಲ್ಲಿ ಇಂಜಿನ್ನಿಗೆ ಜೋಡಣೆ, ಮತ್ತೆ ಇಂಗ್ಲೆಂಡಿಗೆ ಬಂದು ಕಾರಿನೊಳಕ್ಕೆ. ಕಾರು ಸಿದ್ಧವಾಗುವುದರೊಳಗೆ ಆ ದಂಡ ಮೂರು ಸಲ ಸಮುದ್ರ ದಾಟುತ್ತಿತ್ತು. ಸ್ವಿಂಡನ್ನಿನ ಹೋಂಡಾ ಕಾರ್ಖಾನೆಗೆ ದಿನಕ್ಕೆ 350 ಲಾರಿ ಬಿಡಿಭಾಗಗಳು ಯೂರೋಪಿನಿಂದ ಬರುತ್ತಿದ್ದವು. ಕಾರು ಜೋಡಿಸುವ ಸಾಲಿನಲ್ಲಿ ಒಂದು ಗಂಟೆಗಾಗುವಷ್ಟೇ ಸಾಮಾನಿಟ್ಟುಕೊಳ್ಳುತ್ತಿದ್ದರು. ಗೋದಾಮಿನ ಖರ್ಚು ಉಳಿಸುವ ಲೆಕ್ಕವಿದು. ಗಡಿಯಲ್ಲಿ ಲಾರಿ ನಿಲ್ಲುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ವ್ಯವಹಾರ ನಿಂತಿತ್ತು.

ಜನ ಏಕೆ ಬಿಟ್ಟುಬರೋಣ ಎಂದರು?

2016ರ ಜೂನ್ 23ರಂದು ಮತ್ತೆ ಜನಮತ ಕೇಳಿದರು. 100ಕ್ಕೆ 51.9 ಮಂದಿ ಒಕ್ಕೂಟ ಬಿಡೋಣ ಎಂದರು, 48.1 ಮಂದಿ ಇರೋಣ ಎಂದರು. ನಿಸ್ಸಾನ್ ಕಾರ್ಖಾನೆಯ ಸಂಡರ್‌ಲ್ಯಾಂಡ್ ಊರಿನಲ್ಲೇ 100ಕ್ಕೆ 61 ಮಂದಿ ಬಿಡೋಣ ಎಂದರು. ಹೋಂಡಾ ಇದ್ದ ಸ್ವಿಂಡನ್ನೂ ಹಾಗೆಯೇ ಮತ ಹಾಕಿತು. ತಾವು ಕುಳಿತ ಕೊಂಬೆಯನ್ನು ತಾವೇ ಕಡಿದ ಮೂರ್ಖರೆಂದು ದೊಡ್ಡ ಪತ್ರಿಕೆಗಳವರು ಇವರನ್ನು ಹಂಗಿಸಿದರು.

ಈ ಹಂಗಿಸುವಿಕೆಯನ್ನು ನಾನು ಒಪ್ಪುವುದಿಲ್ಲ. ಹಡಗು ಕಟ್ಟೆ ಮುಚ್ಚಿದಾಗ, ಗಣಿ ಮುಚ್ಚಿದಾಗ, ಒಕ್ಕೂಟದೊಳಗೇ ಇದ್ದ ಅವರ ಸರ್ಕಾರ ಅವರನ್ನು ಕೇಳಲಿಲ್ಲ. ನಲವತ್ತು ವರ್ಷಗಳಲ್ಲಿ ಲಂಡನ್ನಿನ ಬ್ಯಾಂಕುಗಳು ಬೆಳೆದವು. ಗಿರಣಿ, ಗಣಿ, ಉಕ್ಕಿನ ಊರುಗಳು ಸೊರಗಿದವು. ಕೇಳದೆ ಕೇಳದೆ ಒಂದು ದಿನ ಕೇಳಿದರು. ಸಿಟ್ಟಿನಲ್ಲಿದ್ದ ಮನುಷ್ಯ ಇದ್ದ ಒಂದೇ ಉತ್ತರವನ್ನು ಕೊಟ್ಟ. ಹೊರಗಿನಿಂದ ದುಡಿಯಲು ಬಂದ ಬಡವನೇ ನಿನ್ನ ವೈರಿ ಎಂದು ಅವನಿಗೆ ಹೇಳಿಕೊಟ್ಟವರೂ ಇದ್ದರು. ಆ ಸಿಟ್ಟು ನ್ಯಾಯವಾದದ್ದು, ತೋರಿಸಿದ ವೈರಿ ಸುಳ್ಳು.

ಕಂಪನಿಗಳು ಮಾಡಿದ್ದೇನು?

ಈಗ ಕಂಪನಿಗಳ ಕಡೆ ನೋಡೋಣ. ಅವು ಮುಖ್ಯವಾಗಿ ಮೂರು ಕೆಲಸ ಮಾಡಿದವು.

ಮೊದಲನೆಯದು, ಸರ್ಕಾರದೊಡನೆ ಚೌಕಾಸಿ. ಮತದಾನವಾಗಿ ನಾಲ್ಕು ತಿಂಗಳೊಳಗೆ, 2016ರ ಅಕ್ಟೋಬರಿನಲ್ಲಿ, ಬ್ರಿಟಿಷ್ ಮಂತ್ರಿ ಗ್ರೆಗ್ ಕ್ಲಾರ್ಕ್ ನಿಸ್ಸಾನ್ ಕಂಪನಿಗೆ ಒಂದು ಪತ್ರ ಬರೆದರು. 8 ಕೋಟಿ ಪೌಂಡಿನವರೆಗೆ ನೆರವು ಕೊಡುವ ಮಾತು ಅದರಲ್ಲಿತ್ತು. ಜನರ ಹಣದ ಆ ಪತ್ರವನ್ನು ಜನರಿಗೇ ತೋರಿಸಲಿಲ್ಲ; ಅದು ಹೊರಬಂದದ್ದು 2019ರ ಫೆಬ್ರವರಿಯಲ್ಲಿ. ಆ ವೇಳೆಗೆ ಕಂಪನಿ ಸಂಡರ್‌ಲ್ಯಾಂಡಿನಲ್ಲಿ ಮಾಡುತ್ತೇವೆಂದಿದ್ದ ಎಕ್ಸ್-ಟ್ರೈಲ್ ಎಂಬ ಕಾರನ್ನು ಜಪಾನಿನಲ್ಲೇ ಮಾಡುತ್ತೇವೆಂದು ಹೇಳಿಯಾಗಿತ್ತು.

ಎರಡನೆಯದು, ಇನ್ನೊಂದು ವಿಳಾಸ. ಲಂಡನ್ನಿನಲ್ಲಿ ಲೈಸೆನ್ಸು ಪಡೆದ ಬ್ಯಾಂಕು ಯೂರೋಪಿನಾದ್ಯಂತ ವ್ಯವಹಾರ ಮಾಡಬಹುದಾಗಿತ್ತು. ಒಕ್ಕೂಟ ಬಿಟ್ಟ ಮೇಲೆ ಆ ಹಕ್ಕು ಇಲ್ಲ. ಜಪಾನಿನ ನೊಮುರಾ, ದೈವಾ ಎಂಬ ಹಣಕಾಸು ಸಂಸ್ಥೆಗಳು 2017ರಲ್ಲೇ ಜರ್ಮನಿಯ ಫ್ರಾಂಕ್‌ಫರ್ಟನ್ನು ಆರಿಸಿಕೊಂಡವು. ಪ್ಯಾನಸೋನಿಕ್ ತನ್ನ ಐರೋಪ್ಯ ಮುಖ್ಯ ಕಚೇರಿಯನ್ನು ಆಮ್‌ಸ್ಟರ್‌ಡಾಮಿಗೆ ಒಯ್ದಿತು. ಸೋನಿ ಕಂಪನಿಯೂ ನೆದರ್ಲೆಂಡ್ಸಿನಲ್ಲಿ ಹೆಸರು ದಾಖಲಿಸಿಕೊಂಡಿತು. ಕಂಪನಿಗೆ ವಿಳಾಸ ಬದಲಿಸುವುದು ವಕೀಲರ ಒಂದು ಕಡತದ ಕೆಲಸ. ಕಾರ್ಮಿಕನಿಗೆ ವಿಳಾಸ ಬದಲಿಸುವುದೆಂದರೆ ಮಕ್ಕಳ ಶಾಲೆ, ತಾಯಿಯ ಔಷಧಿ, ಸಾಲದ ಮೇಲೆ ಕೊಂಡ ಮನೆ.

ಮೂರನೆಯದು, ಹೊರಟುಹೋಗುವುದು. 2019ರ ಫೆಬ್ರವರಿ 1ರಂದು ಜಪಾನಿಗೂ ಐರೋಪ್ಯ ಒಕ್ಕೂಟಕ್ಕೂ ಆದ ಒಪ್ಪಂದ ಜಾರಿಗೆ ಬಂತು. ಕಾರುಗಳ ಮೇಲಿನ 10ರ ಸುಂಕವನ್ನು ವರ್ಷವರ್ಷಕ್ಕೆ ಇಳಿಸುತ್ತ ಸೊನ್ನೆಗೆ ತರುವುದೆಂದು ಗೊತ್ತಾಯಿತು. ಜಪಾನಿನಲ್ಲೇ ಕಾರು ಮಾಡಿ ನೇರವಾಗಿ ಯೂರೋಪಿಗೆ ಕಳಿಸಬಹುದಾದಾಗ ಬ್ರಿಟನ್ನಿನ ಬಾಗಿಲೇಕೆ? ಅದೇ ತಿಂಗಳಲ್ಲಿ ಹೋಂಡಾ, ಸ್ವಿಂಡನ್ ಕಾರ್ಖಾನೆಯನ್ನು ಮುಚ್ಚುವುದಾಗಿ ಘೋಷಿಸಿತು. 2021ರ ಜುಲೈ 30ರಂದು ಬೀಗ ಬಿತ್ತು. ಹೋದದ್ದು 3,500 ಮಂದಿಯ ಕೆಲಸ. ಅವರನ್ನು ನಂಬಿದ್ದ ಬಿಡಿಭಾಗದ ವರ್ಕ್‌ಶಾಪು, ಲಾರಿಯವ, ಊಟದ ಅಂಗಡಿಯವರ ಲೆಕ್ಕ ಬೇರೆ.

ಒಕ್ಕೂಟ ಬಿಟ್ಟದ್ದು ಕಾರಣವಲ್ಲ, ವಿದ್ಯುತ್ ಕಾರುಗಳ ಕಾಲ ಬಂದದ್ದು ಕಾರಣ ಎಂದು ಹೋಂಡಾ ಹೇಳಿತು. ಇದನ್ನು ಪೂರ್ತಿ ಸುಳ್ಳೆನ್ನಲಾರೆವು. ಡೀಸೆಲ್ ಕಾರುಗಳ ಬೇಡಿಕೆ ಕುಸಿದಿತ್ತು. ಮುಂದೆ ಮಹಾಮಾರಿಯೂ ಬಂತು. 2016ರಲ್ಲಿ 17 ಲಕ್ಷಕ್ಕೂ ಮೀರಿ ಕಾರು ತಯಾರಿಸಿದ ಬ್ರಿಟನ್ನು 2024ರಲ್ಲಿ 8 ಲಕ್ಷವನ್ನೂ ಮುಟ್ಟಲಿಲ್ಲ. ಇದನ್ನೆಲ್ಲ ಒಂದೇ ಗೂಟಕ್ಕೆ ಕಟ್ಟುವುದು ಅಪ್ರಾಮಾಣಿಕತೆ. ಆದರೆ ಒಂದು ಮಾತು ನಿಜ. ಕಾರ್ಖಾನೆಗೆ ಹೊಸ ಯಂತ್ರ ಹಾಕಬೇಕೋ ಬೇಡವೋ ಎಂದು ಮಾಲೀಕ ಯೋಚಿಸುವ ಹೊತ್ತಿನಲ್ಲಿ, ನಾಳೆ ಗಡಿಯಲ್ಲಿ ಏನಾಗುತ್ತದೆಂದು ಯಾರಿಗೂ ತಿಳಿಯದಿದ್ದರೆ, ಹಳೆಯ ಕಾರ್ಖಾನೆಗೆ ಹೊಸ ಯಂತ್ರ ಬರುವುದಿಲ್ಲ. ಹೊಸ ಯಂತ್ರ ಬಾರದ ಕಾರ್ಖಾನೆ ಏನಾಗುತ್ತದೆಂದು ಬಟ್ಟೆ ಗಿರಣಿಯವರಿಗೆ ನಾನು ಹೇಳಬೇಕಾಗಿಲ್ಲ.

ಸುಂಕವಿಲ್ಲ, ನಾಕೆ ಇದೆ

ಬ್ರಿಟನ್ನು 2020ರ ಜನವರಿ 31ರಂದು ಒಕ್ಕೂಟವನ್ನು ಬಿಟ್ಟಿತು. ಆ ವರ್ಷದ ಕೊನೆಯವರೆಗೆ ಹಳೆಯ ನಿಯಮಗಳೇ ನಡೆದವು. ಡಿಸೆಂಬರ್ 24ರಂದು ಎರಡು ಕಡೆಯವರೂ ಒಂದು ಒಪ್ಪಂದಕ್ಕೆ ಬಂದರು: ಪರಸ್ಪರ ಸರಕಿಗೆ ಸುಂಕವಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಸುಂಕವಿಲ್ಲದಿರುವುದು ಅಲ್ಲಿ ಹುಟ್ಟಿದ ಸರಕಿಗೆ ಮಾತ್ರ. ಸರಕಿನ ಹುಟ್ಟೂರು ಯಾವುದೆಂದು ಕಾಗದಪತ್ರದಿಂದ ರುಜುವಾತು ಮಾಡಬೇಕು.

ನಮಗೆ ತಿಳಿದ ಬಟ್ಟೆಯ ವ್ಯಾಪಾರದಿಂದಲೇ ಉದಾಹರಣೆ ತೆಗೆದುಕೊಳ್ಳೋಣ. ಭಾರತದಲ್ಲಿ ಹೊಲಿದ ಅಂಗಿಯನ್ನು ಒಬ್ಬ ವರ್ತಕ ಲಂಡನ್ನಿಗೆ ತರಿಸಿ, ಸುಂಕ ಕಟ್ಟಿ, ಗೋದಾಮಿನಲ್ಲಿಟ್ಟು, ಅಲ್ಲಿಂದ ಪ್ಯಾರಿಸ್ಸಿಗೆ, ಡಬ್ಲಿನ್ನಿಗೆ ಹಂಚುತ್ತಿದ್ದ. ಒಮ್ಮೆ ಸುಂಕ ಕಟ್ಟಿದರೆ ಮುಗಿಯಿತು. 2021ರಿಂದ ಆ ಅಂಗಿ ಸಮುದ್ರ ದಾಟಿದರೆ ಮತ್ತೆ ಸುಂಕ ಬೀಳತೊಡಗಿತು, ಏಕೆಂದರೆ ಅದು ಬ್ರಿಟನ್ನಿನಲ್ಲಿ ಹುಟ್ಟಿದ್ದಲ್ಲ. ದೊಡ್ಡ ಕಂಪನಿ ಏನು ಮಾಡುತ್ತದೆ? ಹಾಲೆಂಡಿನಲ್ಲಿ ಇನ್ನೊಂದು ಗೋದಾಮು ಹಿಡಿಯುತ್ತದೆ. ಸಣ್ಣವನು ಏನು ಮಾಡುತ್ತಾನೆ? ಆ ವ್ಯಾಪಾರವನ್ನು ಬಿಡುತ್ತಾನೆ.

ಇದು ನನ್ನ ಊಹೆಯಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಸಂಶೋಧಕರು 2024ರ ಡಿಸೆಂಬರಿನಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಒಕ್ಕೂಟಕ್ಕೆ ಸರಕು ಕಳಿಸುತ್ತಿದ್ದ ಬ್ರಿಟನ್ನಿನ ಸಂಸ್ಥೆಗಳಲ್ಲಿ 100ಕ್ಕೆ 14ರಷ್ಟು, ಅಂದರೆ ಸುಮಾರು 16,400 ಸಂಸ್ಥೆಗಳು, ಹೊಸ ಏರ್ಪಾಡು ಬಂದಮೇಲೆ ಕಳಿಸುವುದನ್ನೇ ನಿಲ್ಲಿಸಿದವು. ಪೆಟ್ಟು ಬಿದ್ದದ್ದು ಸಣ್ಣವರಿಗೆ. ಅತಿ ದೊಡ್ಡ ಸಂಸ್ಥೆಗಳು ತಡೆದುಕೊಂಡವು. ಕಾರಣ ಸರಳ. ಸುಂಕದ ಕಾಗದ ತುಂಬಲು ಒಬ್ಬ ಗುಮಾಸ್ತನನ್ನು ಇಟ್ಟುಕೊಂಡರೆ, ಸಾವಿರ ಲಾರಿ ಕಳಿಸುವವನಿಗೆ ಲಾರಿಯೊಂದಕ್ಕೆ ಕಾಸುಗಳ ಲೆಕ್ಕ. ತಿಂಗಳಿಗೆ ನಾಲ್ಕು ಪೆಟ್ಟಿಗೆ ಕಳಿಸುವವನಿಗೆ ಅದೇ ಇಡೀ ಲಾಭ. ನಾಕೆಯ ಕಾಗದ ದೊಡ್ಡವನಿಗೆ ಕಿರಿಕಿರಿ, ಸಣ್ಣವನಿಗೆ ಕುತ್ತಿಗೆಯ ಹಗ್ಗ.

ಅಲ್ಲಿಯ ಪರದೇಶೀ ಕಂಪನಿ ನಮ್ಮದೇ

ಬಂಧುಗಳೆ, ಜಪಾನಿನವರ ಮಾತಾಯಿತು. ಬ್ರಿಟನ್ನಿನ ಕಾರ್ಮಿಕನಿಗೆ ಪರದೇಶೀ ಮಾಲೀಕನೆಂದರೆ ನಮ್ಮ ಟಾಟಾ ಸಂಸ್ಥೆಯೂ ಹೌದು. 2007ರಲ್ಲಿ ಕೋರಸ್ ಉಕ್ಕಿನ ಕಂಪನಿಯನ್ನೂ 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರನ್ನೂ ಟಾಟಾ ಕೊಂಡಿತು. ಆಳಿದವರ ಕಾರ್ಖಾನೆಯನ್ನು ಆಳಿಸಿಕೊಂಡವರು ಕೊಂಡರು ಎಂದು ನಾವೆಲ್ಲ ಹಿಗ್ಗಿದೆವು. ಆದರೆ ಮಾಲೀಕನ ಬಣ್ಣ ಬದಲಾದರೆ ಬಂಡವಾಳದ ಸ್ವಭಾವ ಬದಲಾಗುವುದಿಲ್ಲ. ಜಾಗ್ವಾರ್ ಲ್ಯಾಂಡ್ ರೋವರ್ 2018ರಲ್ಲಿ ಸ್ಲೊವಾಕಿಯದ ನಿತ್ರಾ ಎಂಬಲ್ಲಿ, ಅಂದರೆ ಒಕ್ಕೂಟದ ಒಳಗೆ, ಕಾರ್ಖಾನೆ ತೆರೆಯಿತು. ಅದನ್ನು ಕಟ್ಟುವ ತೀರ್ಮಾನ 2015ರದ್ದು, ಮತದಾನಕ್ಕೂ ಮುಂಚಿನದು. ಬಾಗಿಲು ಮುಚ್ಚುವ ಹೊತ್ತಿಗೆ ಒಂದು ಕಾಲು ಒಳಗೇ ಇತ್ತು. ಡಿಸ್ಕವರಿ ಕಾರಿನ ಕೆಲಸ ಇಂಗ್ಲೆಂಡಿನ ಸೋಲಿಹಲ್ಲಿನಿಂದ ಅಲ್ಲಿಗೆ ಹೋಯಿತು. 2019ರ ಜನವರಿಯಲ್ಲಿ ಕಂಪನಿ 4,500 ಕೆಲಸಗಳನ್ನು ಕಡಿಮೆ ಮಾಡುವುದಾಗಿ ಹೇಳಿತು.

ವೇಲ್ಸಿನ ಪೋರ್ಟ್ ಟಾಲ್ಬಟ್ಟಿನಲ್ಲಿ ಟಾಟಾ ಉಕ್ಕಿನ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರ್ 30ರಂದು ಆರಿತು. ಹೋಗುವ ಕೆಲಸ 2,800ರವರೆಗೆ ಎಂದು ಕಂಪನಿ ಹೇಳಿತ್ತು. ಹಳೆಯ ಕುಲುಮೆ, ನಷ್ಟ, ಹೊಗೆ ತಗ್ಗಿಸುವ ಒತ್ತಾಯ ಇವೇ ಅಲ್ಲಿ ಮೊದಲ ಕಾರಣಗಳು. ಒಂದು ಕುಲುಮೆಯನ್ನಾದರೂ ಕೆಲಕಾಲ ಉಳಿಸಿ ಎಂದು ಸಂಘಗಳು ಬದಲಿ ಯೋಜನೆ ಕೊಟ್ಟವು, ಕಂಪನಿ ಒಪ್ಪಲಿಲ್ಲ. ವಿದ್ಯುತ್ ಕುಲುಮೆ ಕಟ್ಟಲು ಬೇಕಾದ 125 ಕೋಟಿ ಪೌಂಡಿನಲ್ಲಿ 50 ಕೋಟಿಯನ್ನು ಬ್ರಿಟಿಷ್ ಸರ್ಕಾರ ಕೊಡಲೊಪ್ಪಿತು. ಇದರ ಮೇಲೆ 2025ರ ಅಕ್ಟೋಬರಿನಲ್ಲಿ ಐರೋಪ್ಯ ಆಯೋಗ, ಗೊತ್ತಾದ ಪ್ರಮಾಣ ಮೀರಿ ಹೊರಗಿನಿಂದ ಬರುವ ಉಕ್ಕಿಗೆ 100ಕ್ಕೆ 50ರ ಸುಂಕ ಹಾಕಬೇಕೆಂದು ಪ್ರಸ್ತಾಪಿಸಿತು. ಬ್ರಿಟನ್ನು ಹೊರಗೆ ಕಳಿಸುವ ಉಕ್ಕಿನಲ್ಲಿ ಬಹುಪಾಲು ಹೋಗುವುದು ಒಕ್ಕೂಟಕ್ಕೇ. ಒಳಗಿದ್ದರೆ ಈ ಗೋಡೆ ಅವರನ್ನು ಕಾಯುತ್ತಿತ್ತು. ಹೊರಗಿರುವುದರಿಂದ ಅವರನ್ನೇ ತಡೆಯುತ್ತದೆ.

ಇಲ್ಲೊಂದು ಲೆಕ್ಕವನ್ನು ಗಮನಿಸಿ. ಮೊದಲು ಪರದೇಶೀ ಕಂಪನಿಯನ್ನು ಕರೆಯಲು ಬ್ರಿಟನ್ನಿನ ಕೈಯಲ್ಲಿ ದೊಡ್ಡ ಪೇಟೆಯ ಬಾಗಿಲಿತ್ತು. ಆ ಬಾಗಿಲು ಹೋದಮೇಲೆ ಉಳಿದದ್ದು ಬೊಕ್ಕಸದ ಬಾಗಿಲು. 2021ರಲ್ಲಿ ನಿಸ್ಸಾನ್ ಸಂಡರ್‌ಲ್ಯಾಂಡಿಗೆ ಬ್ಯಾಟರಿ ಕಾರ್ಖಾನೆ ಸೇರಿ 100 ಕೋಟಿ ಪೌಂಡಿನ ಯೋಜನೆ ತಂದಿತು. 2023ರಲ್ಲಿ ಟಾಟಾ ಸಂಸ್ಥೆ ಸಾಮರ್‌ಸೆಟ್ಟಿನಲ್ಲಿ 400 ಕೋಟಿ ಪೌಂಡಿನ ಬ್ಯಾಟರಿ ಕಾರ್ಖಾನೆ ಕಟ್ಟುವುದಾಗಿ ಘೋಷಿಸಿತು. ಬ್ಯಾಟರಿ ಎಲ್ಲಿ ಹುಟ್ಟಿತು ಎಂಬುದರ ಮೇಲೆ ಕಾರಿನ ಸುಂಕ ನಿಂತಿರುವುದರಿಂದ ಅವರಿಗೂ ಅದು ಬೇಕಿತ್ತು. ಆದ್ದರಿಂದ ಒಕ್ಕೂಟ ಬಿಟ್ಟರೆ ಎಲ್ಲ ಕಂಪನಿಗಳೂ ಓಡಿಹೋಗುತ್ತವೆ ಎಂಬುದೂ ಸುಳ್ಳು. ಉಳಿಯುವವರು ಉಳಿಯುವುದಕ್ಕೆ ಬೆಲೆ ಕೇಳುತ್ತಾರೆ. ಆ ಬೆಲೆಯನ್ನು ತೆರಿಗೆ ಕಟ್ಟುವವನು ಕೊಡುತ್ತಾನೆ.

ಲಾಭವೇನೂ ಆಗಲಿಲ್ಲವೆ?

ಆಗಿದೆ, ಹೇಳಬೇಕು. ಒಕ್ಕೂಟದೊಳಗಿರುವ ದೇಶ ಬೇರೆಯವರೊಡನೆ ತಾನೊಂದೇ ಸುಂಕದ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಹೊರಬಂದದ್ದರಿಂದಲೇ ಬ್ರಿಟನ್ನು 2025ರ ಜುಲೈ 24ರಂದು ಭಾರತದೊಡನೆ ಒಪ್ಪಂದಕ್ಕೆ ಸಹಿ ಹಾಕಲು ಸಾಧ್ಯವಾಯಿತು. ನಮ್ಮ ಸಿದ್ಧ ಉಡುಪಿಗೆ ಅಲ್ಲಿಯ ಸುಂಕ ತೆಗೆಯುವುದೆಂದೂ, ಅವರ ವಿಸ್ಕಿಯ ಮೇಲಿನ 150ರ ಸುಂಕವನ್ನು ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸುವುದೆಂದೂ ಅದರಲ್ಲಿದೆ. ನಮ್ಮ ನೂಲಿಗೆ, ಹೊಲಿಗೆಗೆ ಇದರಿಂದ ಬೇಡಿಕೆ ಬಂದರೆ ಸಂತೋಷವೇ. ಆದರೆ ಎಚ್ಚರಿಕೆ ಬೇಕು. ಸುಂಕದ ಬಾಗಿಲು ತೆರೆದದ್ದರಿಂದ ಬಂದ ಕೆಲಸ ಆ ಬಾಗಿಲು ಮುಚ್ಚಿದರೆ ಹೋಗುವ ಕೆಲಸ. ಸ್ವಿಂಡನ್ನಿನ ಪಾಠ ಇಷ್ಟೇ.

ನಮಗೇನು ಪಾಠ?

ಒಕ್ಕೂಟ ಸೇರುವುದೋ ಬಿಡುವುದೋ ಎಂಬ ಪ್ರಶ್ನೆಗೆ ಎಲ್ಲ ಕಾಲಕ್ಕೂ ಸಲ್ಲುವ ಒಂದು ಉತ್ತರವಿಲ್ಲ. ಸೇರುವಾಗಲೂ ಬಿಡುವಾಗಲೂ ಕೇಳಬೇಕಾದ ಪ್ರಶ್ನೆ ಬೇರೆ: ಕಾರ್ಮಿಕನ ಮತ್ತು ಸಣ್ಣವನ ರಕ್ಷಣೆ ಬರಹದಲ್ಲಿದೆಯೆ? ಕಂಪನಿಗೆ ಕೊಟ್ಟ ಮಾತು ಪತ್ರದಲ್ಲಿತ್ತು; ಕಾರ್ಮಿಕನಿಗೆ ಕೊಟ್ಟ ಮಾತು ಭಾಷಣದಲ್ಲಿತ್ತು.

ಅಮೆರಿಕದ ಫೋರ್ಡ್ ಕಂಪನಿ 2021ರಲ್ಲಿ ನಮ್ಮ ದೇಶದಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿದಾಗ ಚೆನ್ನೈ ಕಡೆಯ, ಗುಜರಾತಿನ ಸಾಣಂದ್ ಕಡೆಯ ಕಾರ್ಮಿಕರೂ ಹೀಗೆಯೇ ಬೀದಿಯನ್ನು ನೋಡಬೇಕಾಯಿತು. ಅದಕ್ಕೆ ಒಕ್ಕೂಟ ಬಿಡುವುದೇನೂ ಬೇಕಾಗಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ, 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಯನ್ನು ಮುಚ್ಚಲು ಸರ್ಕಾರದ ಮುನ್ನಪ್ಪಣೆ ಬೇಕಿಲ್ಲ. ಹಿಂದಿನ ಕೇಂದ್ರ ಕಾನೂನಿನಲ್ಲಿ ಈ ಮಿತಿ 100 ಇತ್ತು. ಬಂಡವಾಳದ ಕಾಲಿಗೆ ಇದ್ದ ಹಗ್ಗ ಹೀಗೆ ಇನ್ನಷ್ಟು ಸಡಿಲವಾಗಿದೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಒಂದು: ಭೂಮಿ, ನೀರು, ತೆರಿಗೆ ರಿಯಾಯಿತಿ ಪಡೆದ ಕಂಪನಿಯೊಡನೆ ಸರ್ಕಾರ ಮಾಡಿಕೊಂಡ ಕರಾರು ಬಹಿರಂಗವಾಗಿರಬೇಕು. ಎರಡು: ಇಂತಿಷ್ಟು ವರ್ಷದೊಳಗೆ ಹೊರಟರೆ ಪಡೆದದ್ದನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಮೂರು: ಕಾರ್ಖಾನೆ ಮುಚ್ಚುವ ಮಾತು ಬಂದ ದಿನವೇ ಕಾರ್ಮಿಕ ಸಂಘವನ್ನು ಕೂರಿಸಿಕೊಂಡು ಲೆಕ್ಕಪತ್ರ ತೋರಿಸಬೇಕು. ನಾಲ್ಕು: ಯಾವುದೇ ವ್ಯಾಪಾರ ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ಅದು ಪಾರ್ಲಿಮೆಂಟಿನಲ್ಲಿ ಚರ್ಚೆಯಾಗಬೇಕು. ಸಣ್ಣ ವ್ಯಾಪಾರಿಗಳ ಕಾಗದಪತ್ರದ ಕೆಲಸಕ್ಕೆ ಜಿಲ್ಲೆಗೊಂದು ಸಹಕಾರಿ ಕಚೇರಿಯಿರಬೇಕು.

ಮಿಲ್ಲಿನವನೂ ಅಂಗಡಿಯವನೂ ಬೇರೆ ಬೇರೆ ಎಂದು ಹೇಳುವವರ ಮಾತು ಕೇಳಬೇಡಿ. ಸ್ವಿಂಡನ್ನಿನಲ್ಲಿ ಕಾರ್ಖಾನೆಗೆ ಬೀಗ ಬಿದ್ದಾಗ ಸಂಬಳ ನಿಂತದ್ದು ಕಾರ್ಮಿಕನಿಗೆ, ಗಿರಾಕಿ ನಿಂತದ್ದು ಅಂಗಡಿಗೆ. ಮಾಲೀಕರು ದೇಶದ ಗಡಿ ದಾಟಿ ಒಟ್ಟಾಗಿರುವಾಗ ನಾವು ಒಂದು ಬೀದಿಯೊಳಗಾದರೂ ಒಟ್ಟಾಗದಿದ್ದರೆ ಹೇಗೆ?